ಮಗುವಿಗೋಸ್ಕರ ಸೇರಿದ ಕೋರ್ಸ್, ಕೆಲಸ ಮಾಡಿದ್ದು ನಮ್ಮಿಬ್ಬರ ಮಾತಿನ ಮೇಲೆ

ಮೂರು ವರ್ಷದೊಳಗಿನ ಮಕ್ಕಳಿರುವ ಅಪ್ಪ ಅಮ್ಮಂದಿರಿಗಾಗಿ ಒಂದು ಕೌನ್ಸೆಲಿಂಗ್ ಕೇಂದ್ರ ನಡೆಸುವ ಕೋರ್ಸನ್ನು ನಾನೂ ಇವರೂ ಈಚೆಗೆ ಮುಗಿಸಿದೆವು. ಇಬ್ಬರೂ ಒಟ್ಟಿಗೆ ಬರಲೇಬೇಕು, ಒಬ್ಬರೇ ಬಂದರೆ ಆ ದಿನ ಸೆಷನ್ ಇಲ್ಲ. ಹೇಗಿತ್ತು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಇಲ್ಲೇ ಪೂರ್ತಿ ಬರೆಯುತ್ತೇನೆ. ಕೋರ್ಸ್ ಚೆನ್ನಾಗಿದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಅಂಕ ಯಾಕೆ ಕಳೆದೆ ಅನ್ನುವುದನ್ನೂ ಹೇಳುತ್ತೇನೆ, ಅದು ಸಣ್ಣ ವಿಷಯ ಅಲ್ಲ.

ಮೊದಲು ಒಂದು ಮಾತು. ಮಗುವನ್ನು ಹೇಗೆ ಮಲಗಿಸಬೇಕು, ಹಟ ಮಾಡಿದರೆ ಏನು ಮಾಡಬೇಕು, ಯಾವ ಆಟ ಆಡಿಸಬೇಕು, ಇಂಥದ್ದೆಲ್ಲ ಕಲಿಯಬೇಕು ಅಂತ ಹೋದರೆ ನಿಮಗೆ ನಿರಾಸೆ ಆಗುತ್ತದೆ. ಶುರುವಿನ ಸೆಷನ್‌ಗಳಲ್ಲಿ ಮಗುವಿನ ಮಾತೇ ಹೆಚ್ಚು ಬರುವುದಿಲ್ಲ. ಗಂಡ ಹೆಂಡತಿ ಹೇಗೆ ಮಾತಾಡುತ್ತೀರಿ, ಜಗಳ ಯಾರು ಶುರು ಮಾಡುತ್ತಾರೆ, ಯಾರು ಎದ್ದು ಹೋಗುತ್ತಾರೆ, ಕೊನೆಗೆ ರಾಜಿ ಆಗುತ್ತದಾ ಇಲ್ಲವಾ, ಬರೀ ಇದೇ. ನಮ್ಮ ಗುಂಪಿನಲ್ಲಿದ್ದ ಒಂದು ಜೋಡಿ ಎರಡನೇ ವಾರಕ್ಕೇ ಕೇಳಿಬಿಟ್ಟರು, ಮಗುವಿನ ವಿಷಯ ಯಾವಾಗ ಬರುತ್ತದೆ ಮೇಡಂ ಅಂತ. ನಡೆಸಿಕೊಡುತ್ತಿದ್ದ ಕೌನ್ಸೆಲರ್, ಇದೇ ಮಗುವಿನ ವಿಷಯ ಅಂದರು. ಆಗ ಅದು ಸುಮ್ನೆ ಹೇಳುವ ಮಾತು ಅನ್ನಿಸಿತು. ಅದನ್ನು ಆಮೇಲೆ ಒಂದೊಂದಾಗಿ ತೋರಿಸಿಕೊಟ್ಟರಲ್ಲ, ಈ ಕೋರ್ಸಿನ ನಿಜವಾದ ಬೆಲೆ ಇರುವುದು ಅಲ್ಲಿ.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ತಾಯಿ ಮಗುವಿಗೆ ಸ್ಪಂದಿಸುವುದು ಅಂದರೆ ಬರೀ ಪ್ರೀತಿ ಅಲ್ಲ. ಪ್ರೀತಿ ಬೆಟ್ಟದಷ್ಟು ಇದ್ದರೂ ಸ್ಪಂದನೆ ಆ ಹೊತ್ತಿಗೆ ಇಲ್ಲದೆ ಇರಬಹುದು. ಮೇರಿ ಏನ್ಸ್‌ವರ್ತ್ ಅನ್ನುವ ಮನಶ್ಶಾಸ್ತ್ರಜ್ಞೆ 1950ರ ದಶಕದಲ್ಲಿ ಉಗಾಂಡಾದಲ್ಲಿ, ಆಮೇಲೆ 1960ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ, ಮನೆಮನೆಗೆ ಹೋಗಿ ತಾಯಿ ಮಗುವನ್ನು ಗಂಟೆಗಟ್ಟಲೆ ಕೂತು ನೋಡಿದವರು. ಬಾಲ್ಟಿಮೋರ್‌ನ 26 ಮನೆಗಳಿಗೆ ಮಗುವಿಗೆ ಒಂದು ವರ್ಷ ಆಗುವವರೆಗೂ ಮತ್ತೆ ಮತ್ತೆ ಹೋಗಿ ನೋಡಿ ಬರೆದಿಟ್ಟರು. ಅವರು ಸ್ಪಂದನೆಯನ್ನು ನಾಲ್ಕು ಭಾಗ ಮಾಡಿದರು. ಮಗು ಏನೋ ಹೇಳುತ್ತಿದೆ ಅಂತ ಗಮನಿಸುವುದು. ಅದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳುವುದು. ಅದಕ್ಕೆ ತಕ್ಕಂತೆ ಏನಾದರೂ ಮಾಡುವುದು. ಅದನ್ನು ತಡ ಮಾಡದೆ ಮಾಡುವುದು. ಇಷ್ಟೇ. ಕೇಳುವುದಕ್ಕೆ ಸುಲಭ, ಅಲ್ವಾ?

ಆದರೆ ಮೊದಲನೇದರಲ್ಲೇ ಸಿಕ್ಕಿಹಾಕಿಕೊಳ್ಳುವುದು ನಾವೆಲ್ಲ. ಗಮನಿಸಬೇಕು ಅಂದರೆ ತಲೆ ಖಾಲಿ ಇರಬೇಕು. ಬೆಳಗ್ಗೆ ಗಂಡ ಅಂದ ಮಾತು ತಲೆಯಲ್ಲಿ ಸುತ್ತುತ್ತಾ ಇದ್ದರೆ, ಅದಕ್ಕೆ ಹೀಗೆ ಹೇಳಬೇಕಿತ್ತು, ಸಂಜೆ ಬರಲಿ ಹಾಗೆ ಹೇಳುತ್ತೇನೆ ಅಂತ ಒಳಗೊಳಗೇ ವಾದ ನಡೆಯುತ್ತಾ ಇದ್ದರೆ, ಎದುರಿಗೆ ಕೂತ ಮಗು ಕಣ್ಣಿಗೆ ಬೀಳುತ್ತದೆ, ಮನಸ್ಸಿಗೆ ಬೀಳುವುದಿಲ್ಲ. ಎರಡನೇದೂ ಹಾಗೇ. ಮನಸ್ಸು ಸರಿ ಇಲ್ಲದಾಗ ನಿದ್ದೆ ಬಂದು ಅಳುವ ಮಗು ಹಟ ಮಾಡುವ ಹಾಗೆ ಕಾಣುತ್ತದೆ. ಚಮಚ ಎಸೆದರೆ ಬೇಕಂತಲೇ ಎಸೆಯಿತು ಅನ್ನಿಸುತ್ತದೆ. ಒಂದು ವರ್ಷದ ಮಗು ಬೇಕಂತ ಯಾಕೆ ನಮ್ಮ ಮೇಲೆ ಸೇಡು ತೀರಿಸಿಕೊಳ್ಳುತ್ತದೆ ಹೇಳಿ? ಆದರೂ ಆ ಕ್ಷಣದಲ್ಲಿ ಹಾಗೇ ಅನ್ನಿಸುವುದು.

ಇದನ್ನು ತೋರಿಸುವುದಕ್ಕೆ ಎರಡು ಪುಟ್ಟ ವಿಡಿಯೋ ಹಾಕಿದರು. ಒಪ್ಪಿಗೆ ಕೊಟ್ಟ ಒಂದು ಕುಟುಂಬದ್ದು. ಅದೇ ತಾಯಿ, ಅದೇ ಮಗು, ಅದೇ ಕೋಣೆ. ಮೊದಲನೇದರಲ್ಲಿ ಮಗು ನೆಲದ ಮೇಲೆ ಪ್ಲಾಸ್ಟಿಕ್ ಬಟ್ಟಲುಗಳನ್ನು ಒಂದರೊಳಗೆ ಒಂದು ಇಡುತ್ತಾ ಇದೆ. ಸಣ್ಣದರೊಳಗೆ ದೊಡ್ಡದು ಹೋಗುತ್ತಿಲ್ಲ. ಒಂದು ಸಲ ಒತ್ತಿ ನೋಡುತ್ತದೆ, ತಿರುಗಿಸಿ ನೋಡುತ್ತದೆ, ಆಮೇಲೆ ಬಟ್ಟಲನ್ನು ಎತ್ತಿ ಅಮ್ಮನ ಕಡೆ ಹಿಡಿಯುತ್ತದೆ. ಬಾಯಿಯಿಂದ ಒಂದು ಸಣ್ಣ ಶಬ್ದ. ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ, ಮಗುವಿನ ಕಡೆಯೇ ನೋಡುತ್ತಿದ್ದಾಳೆ ಕೂಡ. ಆದರೆ ಮುಖದಲ್ಲಿ ಏನೂ ಇಲ್ಲ. ಮಗುವಿನ ಕೈ ಇನ್ನೂ ಸ್ವಲ್ಪ ಹೊತ್ತು ಮೇಲೇ ಇರುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಅಮ್ಮ ಎಚ್ಚೆತ್ತವಳ ಹಾಗೆ ಬೇರೊಂದು ಆಟಿಕೆ ತಂದು ಮುಂದೆ ಅಲ್ಲಾಡಿಸುತ್ತಾಳೆ. ಮಗು ಮುಖ ತಿರುಗಿಸುತ್ತದೆ. ಅವಳು ಇನ್ನೂ ಜೋರಾಗಿ ಅಲ್ಲಾಡಿಸುತ್ತಾಳೆ. ಎರಡನೇ ವಿಡಿಯೋದಲ್ಲಿ ಬಟ್ಟಲು ಮೇಲೆ ಬಂದ ಕೂಡಲೇ ಅಮ್ಮನ ಹುಬ್ಬು ಏರುತ್ತದೆ, "ಹೋಗ್ತಾ ಇಲ್ವಾ? ಕೊಡು ನೋಡೋಣ" ಅನ್ನುತ್ತಾಳೆ, ತಾನು ಸೇರಿಸಿ ಕೊಡದೆ ದೊಡ್ಡ ಬಟ್ಟಲನ್ನು ಮಗುವಿನ ಹತ್ತಿರ ತಳ್ಳುತ್ತಾಳೆ. ಮಗು ತಾನೇ ಸೇರಿಸುತ್ತದೆ.

ಎರಡೂ ವಿಡಿಯೋ ತೆಗೆದದ್ದು ಬೇರೆ ಬೇರೆ ದಿನ. ಮೊದಲನೇದರ ಹಿಂದಿನ ರಾತ್ರಿ ಗಂಡ ಹೆಂಡತಿ ಮಾತು ಬಿಟ್ಟಿದ್ದರಂತೆ. ಕೌನ್ಸೆಲರ್ ಅಷ್ಟು ಹೇಳಿ ಸುಮ್ಮನಾದರು. ಆ ತಾಯಿ ಬೈಯಲಿಲ್ಲ, ಹೊಡೆಯಲಿಲ್ಲ, ಮಗುವನ್ನು ಬಿಟ್ಟು ಹೋಗಲಿಲ್ಲ. ನೋಡಿದವರು ಒಳ್ಳೆಯ ತಾಯಿ ಅಂತಲೇ ಹೇಳುತ್ತಾರೆ, ಹೌದು ಕೂಡ. ಬರೀ ಆ ಒಂದು ಗಳಿಗೆಯಲ್ಲಿ ಅವಳು ಅಲ್ಲಿ ಇರಲಿಲ್ಲ.

ಇಲ್ಲಿ ನನಗೆ ತುಂಬ ಹಿಡಿಸಿದ್ದು, ತಾಯಂದಿರನ್ನು ಹೆದರಿಸಿ ಕೈಬಿಡಲಿಲ್ಲ. ಆ ವಿಡಿಯೋ ನೋಡಿ ಗುಂಪಿನಲ್ಲಿ ಇಬ್ಬರು ಕಣ್ಣು ಒರೆಸಿಕೊಂಡರು. ಆಗಲೇ ಎಡ್ ಟ್ರಾನಿಕ್ ಅನ್ನುವ ಅಮೆರಿಕದ ಸಂಶೋಧಕರ ವಿಷಯ ತೆಗೆದರು. 1978ರಲ್ಲಿ ಅವರ ಒಂದು ಪ್ರಯೋಗ ಪ್ರಕಟ ಆಯಿತು. ತಾಯಿ ಮಗುವಿನ ಜೊತೆ ನಗುತ್ತಾ ಆಡುತ್ತಿದ್ದವಳು ಕೆಲವು ನಿಮಿಷ ಮುಖದಲ್ಲಿ ಏನೂ ಭಾವ ತೋರಿಸದೆ ಸುಮ್ಮನೆ ಕೂರಬೇಕು. ಕೆಲವೇ ತಿಂಗಳ ಮಗು ಅಮ್ಮನನ್ನು ಮತ್ತೆ ತನ್ನ ಕಡೆ ಎಳೆಯುವುದಕ್ಕೆ ಎಲ್ಲಾ ಮಾಡುತ್ತದೆ. ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ, ಆಗದಿದ್ದಾಗ ಮುಖ ತಿರುಗಿಸಿಬಿಡುತ್ತದೆ. ಅಷ್ಟೇ ಹೇಳಿ ಬಿಟ್ಟಿದ್ದರೆ ಯಾವ ತಾಯಿಗೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅದರ ಜೊತೆಗೆ ಅದೇ ಟ್ರಾನಿಕ್ ಹೇಳಿದ ಇನ್ನೊಂದು ಮಾತನ್ನೂ ಹೇಳಿದರು: ಎಲ್ಲಾ ಸರಿ ಇರುವ ಮನೆಗಳಲ್ಲೂ ತಾಯಿ ಮಗು ಒಬ್ಬರಿಗೊಬ್ಬರು ಸರಿಯಾಗಿ ಹೊಂದಿಕೊಂಡಿರುವುದು ಆಡುವ ಹೊತ್ತಿನ ಸುಮಾರು 30 ಶೇಕಡಾ ಮಾತ್ರ. ಉಳಿದ ಹೊತ್ತೆಲ್ಲಾ ತಪ್ಪುವುದು, ಮತ್ತೆ ಸರಿ ಮಾಡಿಕೊಳ್ಳುವುದು. ಮಗುವಿಗೆ ಬೇಕಿರುವುದು ಆ ಸರಿ ಮಾಡಿಕೊಳ್ಳುವುದು. ನಾನು ಓದಿದ ಎಷ್ಟೋ ಪೇರೆಂಟಿಂಗ್ ಸಲಹೆಗಳಲ್ಲಿ ಈ ಎರಡನೇ ಭಾಗ ಇರುವುದೇ ಇಲ್ಲ.

ಗಂಡ ಹೆಂಡತಿ ನಡುವಿನ ಕಹಿ ಮಗುವಿನ ಕಡೆಗೆ ಹರಿದು ಬರುತ್ತದೆ ಅನ್ನುವುದು ಬರೀ ಕೌನ್ಸೆಲರ್‌ಗಳ ಅಭಿಪ್ರಾಯ ಅಲ್ಲ. 1995ರಲ್ಲಿ ಎರೆಲ್ ಮತ್ತು ಬರ್ಮನ್ ಅನ್ನುವವರು 68 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ದಾಂಪತ್ಯ ಚೆನ್ನಾಗಿರುವ ಕಡೆ ಮಕ್ಕಳ ಜೊತೆಗಿನ ಸಂಬಂಧವೂ ಚೆನ್ನಾಗಿರುವುದೇ ಹೆಚ್ಚು ಅಂತ ಕಂಡಿತು. ಗಂಡನಿಂದ ಸಿಗದ ಪ್ರೀತಿಯನ್ನು ತಾಯಿ ಮಗುವಿಗೆ ಎರಡು ಪಾಲು ಕೊಡುತ್ತಾಳೆ ಅಂತ ನಮ್ಮಲ್ಲಿ ಅನೇಕರು ನಂಬುತ್ತೇವೆ. ಕೆಲವು ಮನೆಗಳಲ್ಲಿ ಹಾಗೆ ಆಗಬಹುದು. ಆದರೆ ಒಟ್ಟು ಲೆಕ್ಕ ಅದರ ಕಡೆ ವಾಲುವುದಿಲ್ಲ. ಇದನ್ನು ಕೇಳಿದಾಗ ನನಗೆ ಬೇಸರವೂ ಆಯಿತು, ಒಂಥರಾ ಸಮಾಧಾನವೂ ಆಯಿತು. ಗಂಡನ ಜೊತೆ ಏನಾದರೂ ಆಗಲಿ, ಮಗುವಿಗೆ ಮಾತ್ರ ಏನೂ ತಾಕಬಾರದು ಅಂತ ತಾಯಂದಿರು ಎಷ್ಟು ಒದ್ದಾಡುತ್ತಾರೆ! ಒಬ್ಬಳೇ ತಡೆದು ನಿಲ್ಲಿಸುವ ಕೆಲಸ ಅಲ್ಲ ಅದು.

ಇನ್ನು ಅಭ್ಯಾಸಗಳ ವಿಷಯ. ಕೋರ್ಸಿನ ಜೀವ ಇದೇ. ಒಂದು ಕಾರ್ಡ್ ಕೊಡುತ್ತಾರೆ. ಕಾರ್ಡ್ ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು, ಅದೂ ಎರಡು ಮೂರು ವಾಕ್ಯ. ಇನ್ನೊಬ್ಬರು ಉತ್ತರ ಕೊಡುವ ಮೊದಲು ಕೇಳಿದ್ದನ್ನು ತಿರುಗಿ ಹೇಳಬೇಕು. ಹೇಳಿದವರು ಹೌದು ಅಂದ ಮೇಲೆಯೇ ಕಾರ್ಡ್ ಕೈ ಬದಲಾಗುವುದು. ಮೊದಲ ಸಲ ಮಾಡುವಾಗ ನಾಟಕದ ಹಾಗೆ ಅನ್ನಿಸುತ್ತದೆ. ಆದರೂ ಮಾಡಿ. ನಮಗೆ ಬಂದ ವಿಷಯ ರಾತ್ರಿ ಏಳುವುದು. ನಾನು ಶುರು ಮಾಡಿದ್ದು ಹೀಗೆ: "ರೀ, ರಾತ್ರಿ ಮಗು ಎದ್ದರೆ ನೀವು ಯಾವತ್ತಾದರೂ ಏಳುತ್ತೀರಾ? ನಿಮಗೆ ಕೇಳಿಸುವುದೇ ಇಲ್ಲವಾ?" ಕೌನ್ಸೆಲರ್ ಅಲ್ಲೇ ನಿಲ್ಲಿಸಿದರು. ಇದಕ್ಕೆ ಅವರು ಏನು ಉತ್ತರ ಕೊಡಬಹುದು ಹೇಳಿ, ಕೇಳಿಸುತ್ತದೆ ಅಥವಾ ಇಲ್ಲ, ಅಷ್ಟೇ ಅಲ್ವಾ ಅಂದರು. ನಿಮಗೆ ಏನಾಗುತ್ತಿದೆ, ಏನು ಬೇಕು ಅಂತ ಹೇಳಿ ಅಂದರು. ಆಮೇಲೆ ನಾನು, "ಎರಡನೇ ಸಲ ಎದ್ದ ಮೇಲೆ ನನಗೆ ಮತ್ತೆ ನಿದ್ದೆ ಹತ್ತುವುದಿಲ್ಲ. ಬೆಳಗ್ಗೆ ಮಗು ಅಮ್ಮಾ ಅಂದರೂ ರೇಗುತ್ತದೆ. ಎರಡನೇ ಸಲ ನೀವು ಏಳಬೇಕು" ಅಂದೆ.

ಇವರು ತಿರುಗಿ ಹೇಳಿದ್ದು, "ನಾನು ಏಳಲ್ಲ ಅಂತ ನಿನಗೆ ಕೋಪ."

"ಅವರು ಹಾಗೆ ಹೇಳಲಿಲ್ಲ. ಇನ್ನೊಂದು ಸಲ ಕೇಳಿ" ಅಂದರು ಕೌನ್ಸೆಲರ್.

ನಾನು ಮತ್ತೆ ಹೇಳಿದೆ. ಈ ಸಲ ಇವರು ಒಂದು ಗಳಿಗೆ ಸುಮ್ಮನಿದ್ದು, "ಎರಡನೇ ಸಲ ಎದ್ದ ಮೇಲೆ ನಿನಗೆ ನಿದ್ದೆ ಇಲ್ಲ. ಅದಕ್ಕೇ ಬೆಳಗ್ಗೆ ಮಗು ಕರೆದರೂ ರೇಗುತ್ತೆ. ಎರಡನೇ ಸಲ ನಾನು ಏಳಬೇಕು" ಅಂದರು. ಕಾರ್ಡ್ ಅವರ ಕೈಗೆ ಹೋಯಿತು. ಆಗ ಬಂದ ಮಾತು ನಾನು ಅಂದುಕೊಂಡದ್ದೇ ಅಲ್ಲ. "ನಾನು ಎತ್ತಿಕೊಂಡರೆ ಎರಡು ನಿಮಿಷಕ್ಕೆ ನೀನು ಬಂದು ಇಸ್ಕೊಳ್ತೀಯ. ನನ್ನ ಕೈಯಲ್ಲಿ ಸುಮ್ಮನಾಗಲ್ಲ ಅಂತೀಯ. ಅದಕ್ಕೇ ಏಳೋದು ಬಿಟ್ಟೆ."

ಇಷ್ಟು ದಿನ ಜೊತೆಗಿದ್ದೂ ಈ ಮಾತು ನಮ್ಮ ನಡುವೆ ಬಂದಿರಲೇ ಇಲ್ಲ. ಇದು ನಮ್ಮೊಬ್ಬರ ಮನೆ ಕಥೆಯೂ ಅಲ್ಲವಂತೆ. ಮಗುವಿನ ಕೆಲಸ ಅಪ್ಪನ ಕೈಗೆ ಹೋಗುವ ದಾರಿಯಲ್ಲಿ ತಾಯಿ ತಾನೇ ಬಾಗಿಲಲ್ಲಿ ಅಡ್ಡ ನಿಂತು ತಡೆಯುವುದು ಎಷ್ಟೋ ಮನೆಗಳಲ್ಲಿ ಇದೆ, ಸಂಶೋಧಕರು ಅದನ್ನೇ ಬೇರೆಯಾಗಿ ಅಧ್ಯಯನ ಮಾಡಿದ್ದಾರೆ. ಹಾಗಂತ ತಪ್ಪೆಲ್ಲ ತಾಯಿಯದು ಅಂತ ಇಲ್ಲಿ ಯಾರೂ ಹೇಳಲಿಲ್ಲ. ಅಪ್ಪ ಹಿಂದೆ ಸರಿದಷ್ಟೂ ಅಮ್ಮ ಹಿಡಿತ ಬಿಗಿ ಮಾಡುತ್ತಾಳೆ, ಅಮ್ಮ ಬಿಗಿ ಮಾಡಿದಷ್ಟೂ ಅಪ್ಪ ಹಿಂದೆ ಸರಿಯುತ್ತಾನೆ. ಎರಡೂ ಕಡೆಯಿಂದ ಬಿಡಬೇಕು. ನಾವು ಮಾಡಿಕೊಂಡ ಒಪ್ಪಂದ ಏನೆಂದರೆ, ಎರಡನೇ ಸಲ ಇವರು ಎದ್ದರೆ ನಾನು ಕೋಣೆಯಿಂದ ಆಚೆ ಬರುವ ಹಾಗಿಲ್ಲ. ಮೊದಮೊದಲು ಮಗು ಅತ್ತಿತು, ಇವರೂ ತಾಳ್ಮೆಯಿಂದ ಓಡಾಡಿಸಿದರು. ಈಗ ಅಪ್ಪನ ಹೆಗಲ ಮೇಲೂ ನಿದ್ದೆ ಹೋಗುತ್ತದೆ. ಬೆಳಗಿನ ನನ್ನ ಸಿಡಿಮಿಡಿ ಎಷ್ಟೋ ಕಡಿಮೆ ಆಗಿದೆ, ಮಗುವಿಗೂ ಅದು ಗೊತ್ತಾಗುತ್ತದೆ ಅಂತ ನನಗೆ ನಂಬಿಕೆ.

ಇನ್ನೊಂದು ಪಾಠ, ಒಬ್ಬರು ಇದು ಬದಲಾಗಬೇಕು, ಅದು ಬದಲಾಗಬೇಕು ಅಂತ ಒತ್ತಾಯ ಮಾಡುತ್ತಾ ಹೋಗುವ, ಇನ್ನೊಬ್ಬರು ಬಾಯಿ ಮುಚ್ಚಿಕೊಂಡು ಕೂರುವ ಚಾಳಿಯ ಬಗ್ಗೆ. ಅಮೆರಿಕದ ಮನಶ್ಶಾಸ್ತ್ರಜ್ಞ ಆಂಡ್ರ್ಯೂ ಕ್ರಿಸ್ಟೆನ್‌ಸನ್ ಮತ್ತು ಜೊತೆಯವರು ಇದರ ಮೇಲೆ ತುಂಬ ಕೆಲಸ ಮಾಡಿದ್ದಾರೆ. ಸಾಮಾನ್ಯವಾಗಿ ಹೆಂಡತಿ ಒತ್ತಾಯ ಮಾಡುವವಳು, ಗಂಡ ತಪ್ಪಿಸಿಕೊಳ್ಳುವವನು ಅಂತ ಕಾಣುತ್ತದೆ. ಆದರೆ ಬದಲಾವಣೆ ಯಾರಿಗೆ ಬೇಕಾಗಿದೆ ಅನ್ನುವುದೂ ಅಷ್ಟೇ ಮುಖ್ಯವಂತೆ. ಮಗು ಹುಟ್ಟಿದ ಮೇಲೆ ಹೆಚ್ಚು ಬದಲಾವಣೆ ಬೇಕಾಗುವುದು ತಾಯಿಗೇ ಅಲ್ವಾ? ಹಾಗಾಗಿ ಒತ್ತಾಯ ಮಾಡುವವಳೂ ಅವಳೇ ಆಗುತ್ತಾಳೆ, ಆಮೇಲೆ ಅವಳಿಗೇ ಗೊಣಗುವವಳು ಅನ್ನುವ ಹೆಸರು ಬರುತ್ತದೆ. ಈ ಮಾತು ಹೇಳಿದಾಗ ಕೋಣೆಯಲ್ಲಿದ್ದ ಗಂಡಸರು ತಲೆ ಎತ್ತಿ ನೋಡಿದರು. ಇಂಥದ್ದನ್ನು ಹೆಂಡತಿ ಹೇಳುವುದಕ್ಕಿಂತ ಮೂರನೆಯವರು ಹೇಳಿದರೆ ನಾಟುತ್ತದೆ.

ಜಗಳ ಏರಿದಾಗ ವಿರಾಮ ತೆಗೆದುಕೊಳ್ಳುವುದನ್ನೂ ಕಲಿಸುತ್ತಾರೆ. ಎದೆಬಡಿತ ನಿಮಿಷಕ್ಕೆ 100 ದಾಟಿದ ಮೇಲೆ ಎದುರಿನವರು ಹೇಳುವುದು ತಲೆಗೆ ಹೋಗುವುದೇ ಕಷ್ಟ, ಕಡಿಮೆ ಅಂದರೂ 20 ನಿಮಿಷ ಬಿಟ್ಟು ಮತ್ತೆ ಕೂರಿ ಅನ್ನುವುದು ಜಾನ್ ಗಾಟ್‌ಮನ್ ಅವರ ಸಲಹೆ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಜೋಡಿಗಳ ಮಾತುಕತೆಯನ್ನು ರೆಕಾರ್ಡ್ ಮಾಡಿ ನೋಡಿದವರು ಅವರು. ಸಲಹೆ ಒಳ್ಳೆಯದೇ. ಆದರೆ ಚಿಕ್ಕ ಮಗು ಇರುವ ಮನೆಯಲ್ಲಿ 20 ನಿಮಿಷ ವಿರಾಮ ಅಂದರೆ ಏನು? ಗಂಡ ಎದ್ದು ಹೊರಗೆ ಹೋಗಿ ಓಡಾಡಿ ಬರುತ್ತಾನೆ, ಹೆಂಡತಿ ಉರಿಯುತ್ತಿರುವ ತಲೆಯಲ್ಲೇ ಮಗುವಿಗೆ ಊಟ ಮಾಡಿಸುತ್ತಾಳೆ. ಅವಳಿಗೆ ಸಿಕ್ಕಿದ ವಿರಾಮ ಏನೂ ಇಲ್ಲ. ಇದನ್ನು ನಾನೇ ಸೆಷನ್‌ನಲ್ಲಿ ಎತ್ತಿದೆ. ಕೌನ್ಸೆಲರ್ ಒಪ್ಪಿಕೊಂಡು, ವಿರಾಮ ಕೇಳಿದವರೇ ಮಗುವನ್ನು ಎತ್ತಿಕೊಂಡು ಹೋಗಬೇಕು, ಅಥವಾ ಇಬ್ಬರೂ ಹತ್ತು ಹತ್ತು ನಿಮಿಷ ಹಂಚಿಕೊಳ್ಳಬೇಕು, ಯಾವುದು ಅಂತ ಸಿಟ್ಟಿಲ್ಲದ ಹೊತ್ತಿನಲ್ಲೇ ತೀರ್ಮಾನ ಮಾಡಿಟ್ಟುಕೊಳ್ಳಿ ಅಂದರು. ಇದು ಅವರ ಕೈಪಿಡಿಯಲ್ಲೇ ಮೊದಲಿಂದ ಇರಬೇಕಿತ್ತು. ಸಿಟ್ಟು ಇಳಿಯದೆ ಇರುವವರ ಕೈಗೆ ಮಗು ಕೊಡಬಾರದು ಅನ್ನುವುದನ್ನೂ ದಪ್ಪ ಅಕ್ಷರದಲ್ಲಿ ಬರೆಯಬೇಕು.

ಗಾಟ್‌ಮನ್ ಮತ್ತು ಜೊತೆಯವರು 2000ದಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವನ್ನೂ ತಂದಿದ್ದರು. ಮೊದಲ ಮಗು ಆದ ಮೇಲೆ ಹೆಂಡತಿಯರಲ್ಲಿ 67 ಶೇಕಡಾ ಮಂದಿಗೆ ದಾಂಪತ್ಯದ ಬಗ್ಗೆ ಇದ್ದ ಸಂತೋಷ ಇಳಿಯಿತು. ಉಳಿದ 33 ಶೇಕಡಾ ಮಂದಿಗೆ ಇಳಿಯಲಿಲ್ಲ, ಕೆಲವರಿಗೆ ಏರಿತು ಕೂಡ. ಅದು ದೊಡ್ಡ ಅಧ್ಯಯನವೇನಲ್ಲ, ಕೆಲವು ಹತ್ತು ಜೋಡಿಗಳದು. ಆದರೆ ಇಳಿಯದೆ ಇದ್ದ ಕಡೆ ಕಂಡದ್ದೇನು ನೋಡಿ: ಗಂಡ ಹೆಂಡತಿಯ ಬಗ್ಗೆ ಪ್ರೀತಿಯಿಂದ, ಮೆಚ್ಚಿ ಮಾತಾಡುತ್ತಿದ್ದ. ಅವಳ ದಿನ ಹೇಗೆ ಹೋಗುತ್ತಿದೆ, ಅವಳ ತಲೆಯಲ್ಲಿ ಏನಿದೆ ಅನ್ನುವುದು ಅವನಿಗೆ ಗೊತ್ತಿತ್ತು. ಇದಕ್ಕೆ ಬಿಡುವು ಬೇಡ, ತರಬೇತಿ ಬೇಡ. ಕೋರ್ಸಿನಲ್ಲಿ ಇದಕ್ಕೆ ಅಂತ ಒಂದು ಹೋಮ್‌ವರ್ಕ್ ಇತ್ತು, ರಾತ್ರಿ ಮಲಗುವ ಮೊದಲು ಒಬ್ಬರ ದಿನದ ಬಗ್ಗೆ ಇನ್ನೊಬ್ಬರು ಒಂದು ಪ್ರಶ್ನೆ ಕೇಳುವುದು, ಮಗುವಿನ ಬಗ್ಗೆ ಅಲ್ಲದ ಪ್ರಶ್ನೆ. ಅಷ್ಟೂ ಹೋಮ್‌ವರ್ಕ್‌ಗಳಲ್ಲಿ ನಾವು ಈಗಲೂ ಬಿಡದೆ ಮಾಡುತ್ತಿರುವುದು ಅದೊಂದೇ.

ಮಗುವಿನ ಎದುರು ಜಗಳ ಆಡಬಹುದಾ ಅನ್ನುವ ಪ್ರಶ್ನೆ ಎಲ್ಲರದ್ದೂ ಇತ್ತು. ಮಗು ಮಲಗಿದೆ ಬಿಡಿ ಅಂತ ಪಕ್ಕದಲ್ಲೇ ಕೂಗಾಡುವವರಿಗೆ ಒಂದು ವಿಷಯ ಹೇಳಿದರು. 2013ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದವರು 6ರಿಂದ 12 ತಿಂಗಳ 20 ಮಕ್ಕಳ ಮಿದುಳನ್ನು ಅವು ನಿದ್ದೆಯಲ್ಲಿದ್ದಾಗಲೇ ಸ್ಕ್ಯಾನ್ ಮಾಡಿ ನೋಡಿದರು. ಸಿಟ್ಟಿನ ದನಿ ಕೇಳಿಸಿದಾಗ, ಜಗಳ ಹೆಚ್ಚಿರುವ ಮನೆಯ ಮಕ್ಕಳ ಮಿದುಳಿನಲ್ಲಿ ಒತ್ತಡಕ್ಕೆ ಸಂಬಂಧಪಟ್ಟ ಭಾಗಗಳು ಹೆಚ್ಚು ಚುರುಕಾದವು. 20 ಮಕ್ಕಳು ಅಂದರೆ ಸಣ್ಣ ಸಂಖ್ಯೆ, ಅದನ್ನೂ ಕೌನ್ಸೆಲರ್ ಅವರೇ ಹೇಳಿದರು. ನನಗೆ ಈ ಪ್ರಾಮಾಣಿಕತೆ ಇಷ್ಟ ಆಯಿತು. ಹಾಗಂತ ಜಗಳವೇ ಆಡಬೇಡಿ ಅನ್ನಲಿಲ್ಲ. ಮಾರ್ಕ್ ಕಮಿಂಗ್ಸ್ ಅನ್ನುವ ಮನಶ್ಶಾಸ್ತ್ರಜ್ಞರ ಪ್ರಯೋಗಗಳಲ್ಲಿ, ದೊಡ್ಡವರ ಜಗಳ ರಾಜಿ ಆಗಿದ್ದನ್ನು ನೋಡಿದ ಮಕ್ಕಳ ಕಳವಳ ಇಳಿಯುತ್ತದೆ. ಬಾಗಿಲು ಹಾಕಿಕೊಂಡು ರಾಜಿ ಮಾಡಿಕೊಂಡಿದ್ದರೂ, ಆಮೇಲೆ ಮಗುವಿಗೆ ಸರಿ ಹೋಯಿತು ಅಂತ ತಿಳಿದರೆ ಸಾಕು. ನಾವು ಜಗಳ ಮಗುವಿನ ಮುಂದೆ ಆಡಿ, ರಾಜಿ ಮಾತ್ರ ಕೋಣೆಯೊಳಗೆ ಮಾಡಿಕೊಳ್ಳುತ್ತೇವೆ. ಮಗುವಿಗೆ ಮೊದಲ ಅರ್ಧ ಮಾತ್ರ ಸಿಗುತ್ತದೆ.

ಈಗ ಆ ಒಂದು ಅಂಕದ ವಿಷಯ.

ಕೋರ್ಸಿನ ಹೆಸರಿನಲ್ಲೂ ಫಾರ್ಮಿನಲ್ಲೂ ತಾಯಿ ಸ್ಪಂದನೆ, ತಾಯಿ ಸ್ಪಂದನೆ ಅಂತಲೇ ಇದೆ. ನಮ್ಮ ಗುಂಪಿನವರ ವಿಡಿಯೋ ಕೂಡ ತೆಗೆದರು, ಅದೂ ಅಮ್ಮಂದಿರು ಆಡುವುದನ್ನೇ, ಅಪ್ಪಂದಿರದ್ದು ಕೊನೆಯ ಕಡೆ ಒಂದು ಸಲ. ಇದು ಸರಿಯಲ್ಲ. ದಾಂಪತ್ಯದಲ್ಲಿ ಬಿರುಕು ಬಂದಾಗ ಮಗುವಿನ ಜೊತೆಗಿನ ಸಂಬಂಧ ಹೆಚ್ಚು ಕೆಡುವುದು ಅಪ್ಪಂದಿರದ್ದೇ ಅನ್ನುವ ಅಧ್ಯಯನಗಳು ಎಷ್ಟೋ ಇವೆ. ಹೆಂಡತಿ ಮೇಲಿನ ಮುನಿಸಿಗೆ ಮಗುವಿನಿಂದಲೂ ದೂರ ಆಗುವ ಅಪ್ಪಂದಿರನ್ನು ನಾವೆಲ್ಲ ನೋಡಿಲ್ಲವಾ? ಬರೀ ತಾಯಿಯನ್ನು ಅಳೆದರೆ ಇಬ್ಬರ ಮಾತಿನ ಫಲವನ್ನು ಒಬ್ಬಳ ಲೆಕ್ಕಕ್ಕೆ ಬರೆದ ಹಾಗೆ ಆಗುತ್ತದೆ. ಒಳಗೆ ಹೇಳಿಕೊಡುವುದು ಹಾಗಿಲ್ಲ, ಆದರೆ ಫಾರ್ಮ್ ಮಾತ್ರ ಹಾಗೇ ಇದೆ. ಬದಲಾಯಿಸಿ ಅಂತ ಬರೆದು ಕೊಟ್ಟು ಬಂದಿದ್ದೇನೆ.

ಎರಡನೇ ದೂರು ಇನ್ನೂ ದೊಡ್ಡದು. ಸೇರುವಾಗ ಹತ್ತು ಪ್ರಶ್ನೆಗಳ ಎಡಿನ್‌ಬರೋ ಪಟ್ಟಿ ತುಂಬಿಸಿಕೊಂಡರು, 1987ರಿಂದ ಬಳಕೆಯಲ್ಲಿರುವ, ಹೆರಿಗೆ ನಂತರದ ಖಿನ್ನತೆ ಕಂಡುಹಿಡಿಯುವ ಪಟ್ಟಿ ಅದು. ತುಂಬ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೆರಿಗೆಯಾದ ತಾಯಂದಿರಲ್ಲಿ ಸುಮಾರು 13 ಶೇಕಡಾ ಮಂದಿಗೆ ಮಾನಸಿಕ ತೊಂದರೆ ಇರುತ್ತದೆ, ಅದರಲ್ಲಿ ಮುಖ್ಯವಾದದ್ದು ಖಿನ್ನತೆ. ಅಂಥ ತಾಯಿಗೆ ಬೇಕಾದದ್ದು ಚಿಕಿತ್ಸೆ, ಮಾತಿನ ಅಭ್ಯಾಸ ಆಮೇಲೆ. ಆದರೆ ಆ ಪಟ್ಟಿಯನ್ನು ಗಂಡನ ಪಕ್ಕದಲ್ಲೇ ಕೂರಿಸಿ ತುಂಬಿಸಿಕೊಂಡರು! ಮನೆಯಲ್ಲಿ ಹೊಡೆತ ಬಡಿತ, ಹೆದರಿಸುವುದು ಇದೆಯಾ ಅನ್ನುವ ಪ್ರಶ್ನೆಯೂ ಅದೇ ಕಾಗದದಲ್ಲಿ. ಪಕ್ಕದಲ್ಲಿ ಗಂಡ ಇರುವಾಗ ಯಾವ ಹೆಂಗಸು ಹೌದು ಅಂತ ಟಿಕ್ ಹಾಕುತ್ತಾಳೆ? ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೇಳಬೇಕು. ಹಿಂಸೆ ಇರುವ ಮನೆಗೆ ಈ ಥರದ ಜೋಡಿ ಕೋರ್ಸ್ ಔಷಧ ಅಲ್ಲ, ಅಪಾಯ. ಸೆಷನ್‌ನಲ್ಲಿ ಬಾಯಿಬಿಟ್ಟು ಹೇಳಿದ ಮಾತಿಗೆ ಅವಳು ಮನೆಗೆ ಹೋದ ಮೇಲೆ ಬೆಲೆ ಕೊಡಬೇಕಾಗುತ್ತದೆ. ಅಂಥವರಿಗೆ ಬೇಕಿರುವುದು ರಕ್ಷಣೆ, ಬೇರೆಯೇ ಸಹಾಯ. ಒಂದು ಅಂಕ ಕಳೆದದ್ದು ಮುಖ್ಯವಾಗಿ ಇದಕ್ಕೇ. ಇದನ್ನು ಸರಿ ಮಾಡಿದರೆ ಆ ಅಂಕ ವಾಪಸ್ ಕೊಡುತ್ತೇನೆ.

ಉಳಿದವು ಸಣ್ಣಪುಟ್ಟ. ಸೆಷನ್ ಹೊತ್ತು ಮಕ್ಕಳ ಮಧ್ಯಾಹ್ನದ ನಿದ್ದೆಗೆ ಸರಿಯಾಗಿ ಅಡ್ಡ ಬರುತ್ತದೆ. ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇದೆ, ಅಲ್ಲಿರುವವರು ತುಂಬ ಪ್ರೀತಿಯಿಂದ ನೋಡಿಕೊಂಡರು, ಅವರಿಗೆ ಪೂರ್ತಿ ಅಂಕ. ಹೋಮ್‌ವರ್ಕ್ ಹಾಳೆಗಳು ಜಾಸ್ತಿ, ಅದರಲ್ಲಿ ಅರ್ಧ ಯಾರೂ ತುಂಬುವುದಿಲ್ಲ. ಆನ್‌ಲೈನ್ ಸೆಷನ್ ಕೂಡ ಇದೆ, ಒಂದು ಸಲ ಹಾಗೇ ಮಾಡಿದೆವು, ಕಾರ್ಡಿನ ಅಭ್ಯಾಸ ಅದರಲ್ಲಿ ಅಷ್ಟು ನಡೆಯುವುದಿಲ್ಲ. ಎದುರಾಬದುರು ಕೂರುವುದೇ ಒಳ್ಳೆಯದು. ಒಬ್ಬರೇ ಮಗು ಸಾಕುತ್ತಿರುವವರಿಗೆ, ಅಜ್ಜಿಯ ಜೊತೆ ಸೇರಿ ಸಾಕುತ್ತಿರುವವರಿಗೆ ಇಲ್ಲಿ ಜಾಗವೇ ಇಲ್ಲ. ಮಗುವನ್ನು ಇಬ್ಬರು ಸೇರಿ ನೋಡಿಕೊಳ್ಳುವ ಕಡೆಯೆಲ್ಲ ಈ ಪಾಠ ಬೇಕು, ಆ ಇಬ್ಬರು ಗಂಡ ಹೆಂಡತಿಯೇ ಆಗಿರಬೇಕು ಅಂತೇನಿಲ್ಲವಲ್ಲ.

ಯಾರಿಗೆ ಹೇಳುತ್ತೇನೆ ಅಂದರೆ, ಪ್ರೀತಿ ಇದೆ, ಆದರೆ ಮಗು ಬಂದ ಮೇಲೆ ಮಾತು ಬರೀ ಡೈಪರ್, ಡಾಕ್ಟರ್, ಬಿಲ್ಲು ಅಷ್ಟಕ್ಕೇ ನಿಂತಿದೆ ಅನ್ನುವವರಿಗೆ. ಸಣ್ಣ ಸಣ್ಣ ಮಾತಿಗೆ ಕಿತ್ತಾಟ ಆಗಿ ಅದರ ಬಿಸಿ ಮಗುವಿನ ಮೇಲೆ ಹೋಗುತ್ತಿದೆ ಅನ್ನಿಸುತ್ತಿರುವವರಿಗೆ. ಗರ್ಭಿಣಿ ಇರುವಾಗಲೇ ಇಂಥ ಕೋರ್ಸಿಗೆ ಹೋಗುವ ಹಾಗಿದ್ದರೆ ಇನ್ನೂ ಒಳ್ಳೆಯದು, ಆಗ ನಿದ್ದೆಯಾದರೂ ಇರುತ್ತದೆ. ಗಂಡ ಬರುವುದಕ್ಕೆ ಒಪ್ಪುತ್ತಿಲ್ಲ ಅಂದರೆ ಎಳೆದುಕೊಂಡು ಹೋಗಬೇಡಿ. ನಮ್ಮ ಗುಂಪಿನಲ್ಲಿ ಒಬ್ಬರು ಹಾಗೇ ಬಂದಿದ್ದರು, ಮೂರನೇ ವಾರದಿಂದ ಕಾಣಲಿಲ್ಲ.

ನಿಮ್ಮ ಕಡೆ ಇಂಥ ಕೋರ್ಸ್ ಇದ್ದರೆ ಸೇರುವ ಮೊದಲು ಫೋನ್ ಮಾಡಿ ಮೂರು ವಿಷಯ ಕೇಳಿ. ಮೊದಲ ಭೇಟಿಯಲ್ಲಿ ಇಬ್ಬರ ಜೊತೆಗೂ ಬೇರೆ ಬೇರೆಯಾಗಿ ಮಾತಾಡುತ್ತೀರಾ? ಅಪ್ಪ ಮಗುವಿನ ಜೊತೆ ಇರುವುದನ್ನೂ ಅಮ್ಮನಷ್ಟೇ ನೋಡುತ್ತೀರಾ? ತೆಗೆದ ವಿಡಿಯೋ ಆಮೇಲೆ ಯಾರ ಹತ್ತಿರ ಇರುತ್ತದೆ, ಅಳಿಸುತ್ತೀರಾ? ಮೂರಕ್ಕೂ ನೇರ ಉತ್ತರ ಸಿಕ್ಕರೆ ಹೆಸರು ಕೊಡಿ. ನಾವು ಹೋದ ಕಡೆ ಕೊನೆಯದಕ್ಕೆ ಸರಿಯಾದ ಉತ್ತರ ಸಿಕ್ಕಿತು, ವಿಡಿಯೋವನ್ನು ನಮ್ಮ ಕಣ್ಣೆದುರೇ ಅಳಿಸಿದರು.